ಗಾಳಿ ಕೋಟೆ ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ, ಎರಡೂ ಕಾರಣ. ಈಗ ಬರೆಯಲು ಕೂತಿರುವುದು ನನ್ನ ಗೆಳೆಯನೊಬ್ಬನ ದೆಸೆಯಿಂದ. ನಾವಿಬ್ಬರೂ ಒಂದೇ ಕಾಲೇಜು, ಒಂದೇ ಹಾಸ್ಟೆಲ್ಲು, ಈಗ ಪೆನ್ಸಿಲ್ವೇನಿಯಾದಲ್ಲಿ ಅರ್ಧ ಗಂಟೆ ದೂರದ ಎರಡು ಊರು. ಹೋದ ತಿಂಗಳು ಒಂದು ರಾತ್ರಿ ಫೋನ್ ಮಾಡಿ "ಮಗಾ, ಒಂದು ಆಬ್‌ಸ್ಟಕಲ್ ಕೋರ್ಸ್ ತಗೊಳ್ಳೋಣ ಅಂತಿದ್ದೀನಿ" ಅಂದ. ಯಾವುದೋ ಆನ್‌ಲೈನ್ ಕೋರ್ಸಿಗೆ ಸೇರುತ್ತಿದ್ದಾನೆ ಅಂದುಕೊಂಡು "ಒಳ್ಳೇದು, ಸರ್ಟಿಫಿಕೇಟ್ ಕೊಡ್ತಾರಾ?" ಅಂತ ಕೇಳಿದೆ. ಅವನು ಹೇಳಿದ್ದು ಗಾಳಿ ತುಂಬಿ ನಿಲ್ಲಿಸುವ ಆ ದೊಡ್ಡ ರಬ್ಬರಿನ ಕೋಟೆ. ಮಕ್ಕಳು ಒಂದು ಬಾಗಿಲಲ್ಲಿ ನುಗ್ಗಿ, ಕಂಬಗಳ ನಡುವೆ ನುಸುಳಿ, ಗೋಡೆ ಹತ್ತಿ, ಕೊನೆಗೆ ಜಾರುಬಂಡೆಯಲ್ಲಿ ಜಾರಿ ಹೊರಗೆ ಬೀಳುತ್ತಾರಲ್ಲ, ಅದು.

ಅವನ ತಲೆಗೆ ಇದು ಹೊಕ್ಕಿದ್ದು ಕಳೆದ ಬೇಸಿಗೆಯ ನಮ್ಮ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ. ಬಿಸಿಬೇಳೆ ಬಾತು, ಹಗ್ಗ ಜಗ್ಗಾಟ, ಅಂತ್ಯಾಕ್ಷರಿ ಎಲ್ಲ ಎಂದಿನಂತೆ. ಮಕ್ಕಳಿಗೆ ಅಂತ ಈ ಸಲ ಒಂದು ಗಾಳಿ ಕೋಟೆ ಬಾಡಿಗೆಗೆ ತರಿಸಿದ್ದರು. ಬಾಡಿಗೆಯವನು ಬೆಳಿಗ್ಗೆ ಬಂದು ನಿಲ್ಲಿಸಿ ಹೋದ, ಸಂಜೆ ಬಂದು ಸುತ್ತಿಕೊಂಡು ಹೋದ, 400 ಡಾಲರ್ ಎಣಿಸಿಕೊಂಡ. ನನ್ನ ಗೆಳೆಯ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಲೆಕ್ಕ ಹಾಕಲು ಶುರು ಮಾಡಿದ. ವಾರಕ್ಕೆ ಒಂದು ಬುಕಿಂಗ್, ಬೇಸಿಗೆಯಲ್ಲಿ ಇಪ್ಪತ್ತು ವಾರ... (ಅವನಿಗೆ ಹಸಿರು ಕಾರ್ಡ್ ಬಂದಾಗಿದೆ, ಹೆಂಡತಿ ಇಲ್ಲೇ ಹುಟ್ಟಿ ಬೆಳೆದವಳು. ನನ್ನ ಹಾಗೆ ವೀಸಾದ ಮೇಲಿರುವವರು ಇಂಥ ಪಕ್ಕದ ವ್ಯಾಪಾರದ ಕನಸು ಕೂಡ ಕಾಣುವಂತಿಲ್ಲ.)

ಅವತ್ತು ಇನ್ನೊಂದು ಘಟನೆಯೂ ನಡೆಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಗಾಳಿ ಬೀಸಿತು. ಬಿರುಗಾಳಿ ಏನಲ್ಲ, ಪೇಪರ್ ತಟ್ಟೆಗಳು ಹಾರಿದವು, ಅಷ್ಟೇ. ಆದರೆ ಕೋಟೆಯ ಒಂದು ಮೂಲೆ ನೆಲ ಬಿಟ್ಟು ಮೊಣಕಾಲೆತ್ತರ ಎದ್ದು ಮತ್ತೆ ಕೂತಿತು. ಒಳಗೆ ಐದಾರು ಮಕ್ಕಳಿದ್ದವು. ಅವುಗಳಿಗೆ ಗೊತ್ತೂ ಆಗಲಿಲ್ಲ, ಕಿರುಚುತ್ತಾ ಆಡುತ್ತಲೇ ಇದ್ದವು. ನಾವು ನಾಲ್ಕು ಜನ ಹೋಗಿ ಮೂಲೆಯ ಮೇಲೆ ಕೂತೆವು. ಗೂಟ ಹೊಡೆಯಲು ಪಾರ್ಕಿನವರು ಬಿಡುವುದಿಲ್ಲ ಅಂತ ಬಾಡಿಗೆಯವನು ಮರಳಿನ ಚೀಲ ಕಟ್ಟಿದ್ದ. ನಾಲ್ಕು ಚೀಲ. ಒಂದನ್ನು ನಾನು ಒಂದೇ ಕೈಯಲ್ಲಿ ಎತ್ತಿ ನೋಡಿದೆ, ನಮ್ಮ ಮನೆಯ ಅಕ್ಕಿ ಚೀಲಕ್ಕಿಂತ ಹೆಚ್ಚೇನೂ ಇರಲಿಲ್ಲ.

ಈಗ ಗೆಳೆಯ ಎರಡು ಕೊಟೇಶನ್ ಕಳಿಸಿ "ನೀನು ಸ್ವಲ್ಪ ನೋಡು, ನಂಗೆ ಈ ಸ್ಪೆಸಿಫಿಕೇಶನ್ ಎಲ್ಲ ಅರ್ಥ ಆಗಲ್ಲ" ಅಂದ. ಒಂದು ಅಮೆರಿಕದ ತಯಾರಕರದು, 40 ಅಡಿ ಉದ್ದದ್ದಕ್ಕೆ 5,200 ಡಾಲರ್. ಇನ್ನೊಂದು ಸಮುದ್ರದಾಚೆಯದು, ನೋಡಲು ಹಾಗೇ ಇದೆ, ಬೆಲೆ ಅರ್ಧಕ್ಕೂ ಕಡಿಮೆ. ನನಗೂ ಅರ್ಥ ಆಗಲಿಲ್ಲ. ಆದರೆ ಹಳೆಯ ಕೋಡ್ ಓದಿ ಓದಿ ನನಗೊಂದು ಚಟ ಹತ್ತಿದೆ. ಯಾವುದೋ ಸಾಲು ಯಾಕಿದೆ ಅಂತ ಗೊತ್ತಾಗದಿದ್ದರೆ ಅದನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಹಿಂದಕ್ಕೆ ಹೋಗುವುದು. ಹಾಗೆ ಹೋಗಿ ಸಿಕ್ಕಿದ ಕಥೆ ಇದು. ನನಗಂತೂ ತುಂಬಾ ಮಜಾ ಅನ್ನಿಸಿತು, ಕೆಲವು ಕಡೆ ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಗಾಳಿಯನ್ನೇ ಕಂಬ ಮಾಡಿಕೊಂಡು ಮನೆ ಕಟ್ಟಬಹುದು ಅನ್ನುವ ಯೋಚನೆ ಮಕ್ಕಳಾಟಕ್ಕಾಗಿ ಹುಟ್ಟಿದ್ದಲ್ಲ, ಯುದ್ಧಕ್ಕಾಗಿ ಹುಟ್ಟಿದ್ದು. ಮೊದಲ ಮಹಾಯುದ್ಧದ ಮಧ್ಯೆ, 1917ರಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನುವ ಎಂಜಿನಿಯರ್ ಯುದ್ಧಭೂಮಿಯ ಆಸ್ಪತ್ರೆಗೆ ಅಂತ ಒಂದು ಡೇರೆಯನ್ನು ಯೋಚಿಸಿ ಪೇಟೆಂಟಿಗೆ ಹಾಕಿದ. ಕಂಬವಿಲ್ಲ, ತೊಲೆಯಿಲ್ಲ. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಒಂದಿಷ್ಟು ಜಾಸ್ತಿ ಇದ್ದರೆ ಬಟ್ಟೆ ತಾನಾಗಿ ಮೇಲೆದ್ದು ನಿಲ್ಲುತ್ತದೆ ಅನ್ನುವುದು ಅವನ ಉಪಾಯ. ಕಾರುಗಳನ್ನು ಕಟ್ಟಿದವನು, ವಿಮಾನದ ರೆಕ್ಕೆಯ ಸಿದ್ಧಾಂತದ ಬಗ್ಗೆ ಪುಸ್ತಕ ಬರೆದವನು. ಆದರೆ ಈ ಡೇರೆ ಕಾಗದದ ಮೇಲೇ ಉಳಿಯಿತು. ಅಷ್ಟು ಗಟ್ಟಿಯಾದ, ಗಾಳಿ ಸೋರದ ಬಟ್ಟೆ ಆಗ ಇರಲಿಲ್ಲ.

ಬಟ್ಟೆಯ ವಿಷಯ ಬಂದಿದ್ದರಿಂದ ಒಂದು ಮಾತು. ಗೆಳೆಯನ ಎರಡೂ ಕೊಟೇಶನ್‌ನಲ್ಲಿ ದೊಡ್ಡದಾಗಿ ಬರೆದಿರುವುದು ಪಿವಿಸಿ ಅಂತ. ಅಮೆರಿಕದಲ್ಲಿ ವಿನೈಲ್ ಅನ್ನುತ್ತಾರೆ. ಈ ಪಿವಿಸಿ ಮೂಲತಃ ಗಡುಸಾದ, ಯಾರಿಗೂ ಬೇಡವಾದ ವಸ್ತು. 1926ರಲ್ಲಿ ಓಹಾಯೋದ ಬಿ.ಎಫ್. ಗುಡ್‌ರಿಚ್ ಟೈರು ಕಂಪನಿಯಲ್ಲಿದ್ದ ವಾಲ್ಡೋ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಹುಡುಕುತ್ತಿದ್ದಾಗ ಅದನ್ನು ಮೆತ್ತಗೆ ಮಾಡುವ ದಾರಿ ಕಂಡುಕೊಂಡ. ಅಂಟು ಸಿಗಲಿಲ್ಲ, ಬಾಗುವ ಪ್ಲಾಸ್ಟಿಕ್ ಸಿಕ್ಕಿತು. ರೇನ್‌ಕೋಟಿನಿಂದ ಹಿಡಿದು ವೈರಿನ ಹೊದಿಕೆಯವರೆಗೆ ಎಲ್ಲಕ್ಕೂ ಅದು ನುಗ್ಗಿತು. ನಮ್ಮ ಕೋಟೆಯ ಹೊರಮೈಯೂ ಅದೇ, ನೇಯ್ದ ಬಟ್ಟೆಯ ಮೇಲೆ ಆ ಪ್ಲಾಸ್ಟಿಕ್‌ನ ಲೇಪ.

ಲ್ಯಾಂಚೆಸ್ಟರನ ಕನಸು ನನಸಾಗಿದ್ದು ಇನ್ನೊಂದು ಮಹಾಯುದ್ಧ ಮುಗಿದ ಮೇಲೆ. ಅಮೆರಿಕದ ಸೇನೆ ರಷ್ಯಾದ ವಿಮಾನಗಳನ್ನು ಕಾಯಲು ಉತ್ತರದ ಹಿಮಪ್ರದೇಶದಲ್ಲಿ ರೇಡಾರ್‌ಗಳನ್ನು ನಿಲ್ಲಿಸುತ್ತಿತ್ತು. ಹಿಮ, ಗಾಳಿಗಳಿಂದ ಅವನ್ನು ಕಾಪಾಡಲು ಮೇಲೊಂದು ಮುಚ್ಚಳ ಬೇಕು. ಆದರೆ ಲೋಹದ ಮುಚ್ಚಳ ಹಾಕಿದರೆ ರೇಡಾರ್ ಕಿರಣವೇ ಹೊರಗೆ ಹೋಗುವುದಿಲ್ಲ. ಬಫಲೋ ಊರಿನ ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿದ್ದ ವಾಲ್ಟರ್ ಬರ್ಡ್ ಅನ್ನುವ ಎಂಜಿನಿಯರ್ 1948ರಲ್ಲಿ ಸುಮಾರು 50 ಅಡಿ ಅಗಲದ ಒಂದು ಬಟ್ಟೆಯ ಗುಮ್ಮಟ ಮಾಡಿ, ಒಳಗೆ ಗಾಳಿ ಊದಿ ನಿಲ್ಲಿಸಿಯೇಬಿಟ್ಟ. ಅದರ ನೆತ್ತಿಯ ಮೇಲೆ ಅವನೇ ಹತ್ತಿ ನಿಂತಿರುವ ಫೋಟೋ ಒಂದಿದೆ. ಆ ಫೋಟೋ ನೋಡಿ ನನಗೆ ನಗು ಬಂತು. ಇಷ್ಟು ದೊಡ್ಡ ಮಿಲಿಟರಿ ಕೆಲಸ ಮಾಡಿಯೂ ಮನುಷ್ಯನಿಗೆ ಮೊದಲು ಅನ್ನಿಸಿದ್ದು ಇದರ ಮೇಲೆ ಹತ್ತೋಣ ಅಂತ!

1956ರಲ್ಲಿ ಬರ್ಡ್ ಸ್ವಂತ ಕಂಪನಿ ಶುರು ಮಾಡಿ ಗೋದಾಮು, ಈಜುಕೊಳ, ಟೆನಿಸ್ ಅಂಗಳಗಳಿಗೆ ಗಾಳಿ ಗುಮ್ಮಟ ಮಾಡಿ ಮಾರತೊಡಗಿದ. ಅವನ ಮನೆಯ ಈಜುಕೊಳದ ಮೇಲಿನ ಗುಳ್ಳೆಯ ಚಿತ್ರ 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂತು. ಚಳಿಗಾಲದಲ್ಲೂ ಆಡಬಹುದು ಅನ್ನುವ ಆಸೆ ಹಣವಂತರಿಗೆ ಹತ್ತಿತು.

ಇಲ್ಲಿಂದ ಕಥೆ ದಕ್ಷಿಣಕ್ಕೆ, ಲೂಯಿಸಿಯಾನಾದ ಶ್ರೀವ್‌ಪೋರ್ಟ್ ಊರಿಗೆ ಹೋಗುತ್ತದೆ. ಅಲ್ಲಿ ಜಾನ್ ಸ್ಕರ್ಲಾಕ್ ಅನ್ನುವ ಮೆಕ್ಯಾನಿಕಲ್ ಎಂಜಿನಿಯರ್ 1958ರ ಸುಮಾರಿಗೆ ಟೆನಿಸ್ ಅಂಗಳಕ್ಕೆ ಹೊದಿಸುವ ಗಾಳಿ ತುಂಬಿದ ಹೊದಿಕೆಯ ಪ್ರಯೋಗ ಮಾಡುತ್ತಿದ್ದ. ಒಂದು ದಿನ ನೋಡುತ್ತಾನೆ, ಕೆಲಸದವರೆಲ್ಲ ಕೆಲಸ ಬಿಟ್ಟು ಹೊದಿಕೆಯ ಮೇಲೆ ಕುಣಿಯುತ್ತಿದ್ದಾರೆ. ನಮ್ಮ ಮ್ಯಾನೇಜರ್ ಆಗಿದ್ದರೆ ಇಮೇಲ್ ಬರುತ್ತಿತ್ತು :-) ಸ್ಕರ್ಲಾಕ್‌ಗೆ ವ್ಯಾಪಾರ ಕಾಣಿಸಿತು. ಅವನು ಮಾಡಿದ ಮೊದಲನೆಯದಕ್ಕೆ ಗೋಡೆಯೇ ಇರಲಿಲ್ಲ, ಒಂದು ದೊಡ್ಡ ಹಾಸಿಗೆ ಅಷ್ಟೇ. ಸ್ಪೇಸ್ ಪಿಲ್ಲೋ ಅಂತ ಹೆಸರು, ಅಂತರಿಕ್ಷದ ದಿಂಬು! ಬಾಹ್ಯಾಕಾಶದ ಹುಚ್ಚು ಹಿಡಿದಿದ್ದ ಕಾಲ ಅದು. ಜಿಗಿದವರು ಪಕ್ಕಕ್ಕೆ ಉರುಳಿ ಬೀಳುತ್ತಿದ್ದರು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಆಮೇಲೆ ಮೇಲೊಂದು ಗಾಳಿಯ ಛಾವಣಿ ಬಂತು, ಅದಕ್ಕೆ ಸ್ಪೇಸ್ ವಾಕ್ ಅಂತ ಹೆಸರಿಟ್ಟರು. ಲೂಯಿಸಿಯಾನಾದ ಬಿಸಿಲಿಗೆ ಒಳಗೆ ಇಡ್ಲಿ ಬೇಯುವಷ್ಟು ಸೆಖೆ. 1974ರಲ್ಲಿ ಗೋಡೆಯ ಜಾಗದಲ್ಲಿ ಬಲೆ ಕಟ್ಟಿ ಗಾಳಿಯಾಡುವಂತೆ ಮಾಡಿದರು. ಇವತ್ತಿಗೂ ಬೌನ್ಸಿಗಳಿಗೆ ನಾಲ್ಕು ಮೂಲೆಯಲ್ಲಿ ಉಬ್ಬಿದ ಕಂಬ, ನಡುವೆ ಬಲೆ ಇರುತ್ತದಲ್ಲ, ಅದು ಬಂದಿದ್ದು ಹೀಗೆ. ಇದೇ ಸ್ಕರ್ಲಾಕ್, ಉರಿಯುವ ಕಟ್ಟಡದಿಂದ ಧುಮುಕುವವರನ್ನು ಹಿಡಿಯುವ ಗಾಳಿ ಹಾಸಿಗೆಯನ್ನೂ ಮಾಡಿದ.

ಆದರೆ ನನ್ನ ಗೆಳೆಯನ ಮಟ್ಟಿಗೆ ಈ ಕಥೆಯ ನಾಯಕಿ ಜಾನ್ ಅಲ್ಲ, ಅವನ ಹೆಂಡತಿ ಫ್ರಾನ್ಸಿಸ್. ಗಂಡ ಹೆಂಡತಿ ಇಬ್ಬರೂ ಸೇರಿ 1968ರಲ್ಲಿ ಇದನ್ನು ಬಾಡಿಗೆಗೆ ಕೊಡುವ ಕಂಪನಿ ತೆರೆದರು. ಹುಟ್ಟುಹಬ್ಬ, ಶಾಲೆಯ ಮೇಳ, ಕಂಪನಿಗಳ ಪಿಕ್‌ನಿಕ್, ಇವೇ ಅವರ ಗಿರಾಕಿಗಳು. ಯೋಚಿಸಿ ನೋಡಿ, ವಸ್ತುವನ್ನು ಕಂಡುಹಿಡಿಯುವುದು ಒಂದು, ಅದನ್ನು ಜನ ಹೇಗೆ ಬಳಸುತ್ತಾರೆ ಅನ್ನುವುದನ್ನು ಕಂಡುಹಿಡಿಯುವುದು ಇನ್ನೊಂದು. ವರ್ಷಕ್ಕೊಂದು ದಿನ ಬೇಕಾಗುವ, ಸುತ್ತಿಟ್ಟರೂ ಅರ್ಧ ಗ್ಯಾರೇಜ್ ತಿನ್ನುವ ವಸ್ತುವನ್ನು ಯಾವ ಅಪ್ಪ ಕೊಳ್ಳುತ್ತಾನೆ? ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ತಂದ ಹಾಗೆಯೇ ಇದೂ. ನಮ್ಮೂರಿನ ಶಾಮಿಯಾನದವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಸ್ಕರ್ಲಾಕ್ ದಂಪತಿಯ ಮಗ ಅದನ್ನು ಅಮೆರಿಕದ ತುಂಬಾ ಹಬ್ಬಿಸಿದ, 1986ರಲ್ಲಿ ಬರೀ ಗಾಳಿ ಆಟಿಕೆಗಳದ್ದೇ ಒಂದು ಒಳಾಂಗಣ ಪಾರ್ಕನ್ನೂ ತೆರೆದ.

ಇಲ್ಲಿಯವರೆಗೆ ಬಂದಿದ್ದು ಜಿಗಿಯುವ ಕೋಟೆ. ಅಡೆತಡೆಯ ಓಟ ಅನ್ನುವುದು ಬೇರೆ ವಂಶ, ಅದರ ಮೂಲವೂ ಸೈನ್ಯವೇ. ಫ್ರೆಂಚ್ ನೌಕಾದಳದ ಜಾರ್ಜ್ ಎಬೇರ್ ಅನ್ನುವವನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಓಡುವುದು, ಹತ್ತುವುದು, ಹಾರುವುದು, ತೆವಳುವುದು ಇವನ್ನೆಲ್ಲ ಸೇರಿಸಿ ಸೈನಿಕರ ತಾಲೀಮು ರೂಪಿಸಿದ. ಮಹಾಯುದ್ಧಗಳ ಕಾಲದಲ್ಲಿ ಅಡೆತಡೆಯ ಅಂಗಳ ಇಲ್ಲದ ಸೈನ್ಯವೇ ಇರಲಿಲ್ಲ. ಅದನ್ನು ತಮಾಷೆಯಾಗಿ ಮಾಡಿದ್ದು ಟೀವಿ. ಯುರೋಪಿನಲ್ಲಿ 1965ರಲ್ಲಿ ಊರೂರುಗಳ ನಡುವೆ ಪೈಪೋಟಿಯ 'ಝೂ ಸಾನ್ ಫ್ರಾಂಟಿಯೇರ್', ಮರುವರ್ಷ ಬ್ರಿಟನ್ನಿನಲ್ಲಿ 'ಇಟ್ಸ್ ಎ ನಾಕೌಟ್', 1986ರಿಂದ ಜಪಾನಿನಲ್ಲಿ 'ತಕೇಶೀಸ್ ಕ್ಯಾಸಲ್', 1989ರಲ್ಲಿ 'ಅಮೆರಿಕನ್ ಗ್ಲೇಡಿಯೇಟರ್ಸ್'. ನನ್ನ ವಯಸ್ಸಿನವರಿಗೆ ತಕೇಶಿಯ ಬಗ್ಗೆ ಹೇಳಬೇಕೇ? ಶಾಲೆಯಿಂದ ಬಂದು ಬ್ಯಾಗ್ ಎಸೆದು ಪೋಗೋ ಚಾನೆಲ್ ಹಾಕಿ, ಜಾವೇದ್ ಜಾಫ್ರಿಯ ಹಿಂದಿ ಕಾಮೆಂಟರಿಗೆ ಬಿದ್ದು ಬಿದ್ದು ನಗುತ್ತಿದ್ದೆವು. ಹಿಂದಿ ಪೂರ್ತಿ ಅರ್ಥ ಆಗುತ್ತಿರಲಿಲ್ಲ, ಕೆಸರಿಗೆ ಬಿದ್ದವನಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಈ ಎರಡು ವಂಶ ಸೇರಿ, ಗಾಳಿಯ ಹಾಸಿಗೆಯನ್ನು ಉದ್ದಕ್ಕೆ ಎಳೆದು, ನಡುವೆ ಕಂಬ, ಸುರಂಗ, ಏಣಿ ಇಟ್ಟರೆ ಅದೇ ಆಬ್‌ಸ್ಟಕಲ್ ಕೋರ್ಸ್. ಬಾಡಿಗೆಯವರಿಗೆ ಇದು ಯಾಕೆ ಅಷ್ಟು ಇಷ್ಟ ಅಂತ ಪಿಕ್‌ನಿಕ್‌ನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಜಿಗಿಯುವ ಕೋಟೆಯೊಳಗೆ ಹೊಕ್ಕ ಮಗು ಹೊರಗೆ ಬರುವುದಿಲ್ಲ, ಹೊರಗೆ ನಿಂತ ಮಗು ಅಳುತ್ತದೆ, ಅಮ್ಮಂದಿರ ನಡುವೆ ಮುಸುಡಿ ದಪ್ಪ. ಇಲ್ಲಿ ಹಾಗಲ್ಲ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬರಲೇಬೇಕು, ಮುಕ್ಕಾಲು ನಿಮಿಷದ ಆಟ. ಎರಡು ಸಾಲಿದ್ದರೆ ಒಂದು ಗಂಟೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸಲೀಸಾಗಿ ಆಡಿ ಮುಗಿಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಸ್ಟ್ಯಾಕು, ಇದು ಕ್ಯೂ. ಜೊತೆಗೆ ಇಬ್ಬರ ನಡುವೆ ಪೈಪೋಟಿ ಇರುವುದರಿಂದ ದೊಡ್ಡವರೂ ಆಡುತ್ತಾರೆ. ಕಂಪನಿಗಳ ಪಿಕ್‌ನಿಕ್ಕಿಗೆ ಹೇಳಿ ಮಾಡಿಸಿದ್ದು. ನಮ್ಮ ಕೂಟದ ಖಜಾಂಚಿಯವರು ಪಂಚೆ ಎತ್ತಿ ಕಟ್ಟಿಕೊಂಡು ನುಗ್ಗಿದ್ದನ್ನು ನಾನೇ ವೀಡಿಯೋ ಮಾಡಿದ್ದೇನೆ.

ಸರಿ, ಇಷ್ಟು ತಿಳಿದುಕೊಂಡು ಕೊಟೇಶನ್ನಿಗೆ ವಾಪಸ್ ಬಂದೆ. ಈಗ ಸಾಲುಗಳು ಮಾತಾಡತೊಡಗಿದವು.

ಮೊದಲು ಬ್ಲೋವರ್. 1.5 ಹಾರ್ಸ್‌ಪವರ್, ಎರಡು. ನಾನು ಸೈಕಲ್ ಟ್ಯೂಬಿನ ಹಾಗೆ ಒಂದು ಸಲ ಊದಿ ಬಾಯಿ ಕಟ್ಟುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಇದನ್ನು ಹೊಲಿಯುತ್ತಾರೆ, ಹೊಲಿಗೆಯ ತೂತುಗಳಿಂದ ಗಾಳಿ ಸದಾ ಸೋರುತ್ತಲೇ ಇರುತ್ತದೆ, ಸೋರಲೇಬೇಕು. ಅಷ್ಟನ್ನೂ ಬ್ಲೋವರ್ ತುಂಬುತ್ತಲೇ ಇರುತ್ತದೆ. ಒಳಗಿನ ಹೆಚ್ಚುವರಿ ಒತ್ತಡ ವಾತಾವರಣದ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಅದಕ್ಕೇ ಚಿಕ್ಕ ತೂತಾದರೆ ಬಲೂನಿನ ಹಾಗೆ ಢಂ ಅನ್ನುವುದಿಲ್ಲ, ಯಾರೋ ಬಿದ್ದರೆ ಗಾಳಿ ಪಕ್ಕಕ್ಕೆ ಸರಿದು ಮೆತ್ತಗೆ ಹಿಡಿದುಕೊಳ್ಳುತ್ತದೆ. ಬರ್ಡ್‌ನ ರೇಡಾರ್ ಗುಮ್ಮಟದ ಒಳಗೂ ಫ್ಯಾನು ಹೀಗೇ ತಿರುಗುತ್ತಿತ್ತು. ಆದರೆ ಫ್ಯಾನು ನಿಂತರೆ ಕೋಟೆ ಕುಸಿಯುತ್ತದೆ. ಜಿಗಿಯುವ ಕೋಟೆಯಾದರೆ ಒಳಗಿರುವವರು ಕಾಣುತ್ತಾರೆ, ಆಬ್‌ಸ್ಟಕಲ್ ಕೋರ್ಸಿನ ಸುರಂಗದಲ್ಲಿ ಯಾರಿದ್ದಾರೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಪ್ರವೇಶಕ್ಕೊಬ್ಬರು, ಕೊನೆಗೊಬ್ಬರು ನಿಲ್ಲಬೇಕು. ಗೆಳೆಯನ ಲೆಕ್ಕದ ಹಾಳೆಯಲ್ಲಿ ಆ ಇಬ್ಬರ ಕೂಲಿ ಇರಲಿಲ್ಲ. ಅಮೆರಿಕದ ಮಾಮೂಲಿ 15 ಆಂಪಿಯರ್ ಲೈನಿನಲ್ಲಿ ಇಂಥ ಬ್ಲೋವರ್ ಒಂದೇ ನಡೆಯುವುದು, ಎರಡು ಹಾಕಿದರೆ ಟ್ರಿಪ್ ಆಗುತ್ತದೆ. ಪಾರ್ಕಿನಲ್ಲಾದರೆ ಜನರೇಟರ್ ಬೇಕು. ಅದೂ ಹಾಳೆಯಲ್ಲಿ ಇರಲಿಲ್ಲ.

ಆಮೇಲೆ ಬಣ್ಣ. ಅಗ್ಗದ್ದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಅಂತಲೂ ಅವನು ಹುಡುಕುತ್ತಿದ್ದ. ಹಳೆಯದು ತಗೊಳ್ಳುವಾಗ ಎಷ್ಟು ಹಳೆಯದು ಅನ್ನುವುದು ಮುಖ್ಯ. 2010ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, ವಿನೈಲ್‌ನಲ್ಲಿ ಸೀಸದ ಅಂಶ ಇದೆ ಅಂತ ಇಂಥ ಆಟಿಕೆಗಳ ತಯಾರಕರು, ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿದ್ದರು. ಹೊಳೆಯುವ ಹಳದಿ, ಕೆಂಪು ನೋಡಿ ಮರುಳಾಗದೆ, ತಯಾರಾದ ವರ್ಷ ಇರುವ ಪಟ್ಟಿ ಮತ್ತು ಸೀಸವಿಲ್ಲ ಅನ್ನುವ ಲ್ಯಾಬ್ ಕಾಗದ ಕೇಳು ಅಂತ ಅವನಿಗೆ ಬರೆದೆ. ಬೆಂಕಿ ಹತ್ತದ ಬಟ್ಟೆ ಅನ್ನುವುದಕ್ಕೂ ಬೇರೆ ಕಾಗದ ಇರುತ್ತದೆ.

ಕೊನೆಯದು, ಎರಡೂ ಕೊಟೇಶನ್‌ನಲ್ಲಿ ಅತ್ಯಂತ ಚಿಕ್ಕ ಅಕ್ಷರದಲ್ಲಿ ಇದ್ದದ್ದು, ಗೂಟ. ನಾನು ಅತಿ ಹೆಚ್ಚು ರಾತ್ರಿ ಕಳೆದಿದ್ದು ಈ ಒಂದು ಸಾಲಿನ ಮೇಲೆ.

ಎಂಜಿನಿಯರಿಂಗ್ ಎರಡನೇ ಸೆಮಿಸ್ಟರಿನ ಲೆಕ್ಕ ಇದು, ನೀವೂ ಮಾಡಬಹುದು. 40 ಅಡಿ ಉದ್ದದ ಕೋಟೆಯ ಪಕ್ಕದ ಗೋಡೆ ಸುಮಾರು 40 ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 38 ಕಿಲೋಮೀಟರ್ ಗಾಳಿ ಅದಕ್ಕೆ ನೇರ ಬಡಿದರೆ ಹೆಚ್ಚೂ ಕಡಿಮೆ 270 ಕಿಲೋ ಭಾರದಷ್ಟು ನೂಕು. ಗಾಳಿ 60 ಆದರೆ 680 ಕಿಲೋ, 80 ಆದರೆ 1,200 ಕಿಲೋ. ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುತ್ತದೆ. ಇಡೀ ಕೋಟೆಯ ತೂಕ ಕೊಟೇಶನ್ ಪ್ರಕಾರ 250 ಕಿಲೋ. ಅಂದರೆ ಅದೊಂದು ಮನೆ ಅಲ್ಲ, ಹಾಯಿ. ಹಡಗಿಲ್ಲದ ಹಾಯಿ.

ಯುರೋಪಿನ ಇಎನ್ 14960 ಅನ್ನುವ ನಿಯಮ ಮೊದಲು ಬಂದಿದ್ದು 2006ರಲ್ಲಿ, ಆಮೇಲೆ 2013 ಮತ್ತು 2019ರಲ್ಲಿ ತಿದ್ದಿದರು. ಅದರ ಪ್ರಕಾರ ಗಾಳಿ ಗಂಟೆಗೆ 38 ಕಿಲೋಮೀಟರ್ ದಾಟಿದರೆ ಹೊರಗಡೆಯ ಆಟ ನಿಲ್ಲಿಸಬೇಕು. ಕಟ್ಟುವ ಜಾಗ ಕನಿಷ್ಠ ಆರು ಇರಬೇಕು, ದೊಡ್ಡದಾದಷ್ಟೂ ಹೆಚ್ಚು. ಒಂದೊಂದು ಕಟ್ಟೂ 1,600 ನ್ಯೂಟನ್ ಎಳೆತ ತಡೆಯಬೇಕು. ಗೂಟ ಕನಿಷ್ಠ 38 ಸೆಂಟಿಮೀಟರ್ ಉದ್ದ, 16 ಮಿಲಿಮೀಟರ್ ದಪ್ಪ. ಗೂಟ ಹೊಡೆಯಲಾಗದ ಕಡೆ ಪ್ರತಿ ಕಟ್ಟಿಗೂ ಸುಮಾರು 163 ಕಿಲೋ ಭಾರ ಇಡಬೇಕು. ಆರು ಕಟ್ಟು ಅಂದರೆ ಒಂದು ಟನ್ ಹತ್ತಿರ. ನಾನು ಒಂದೇ ಕೈಯಲ್ಲಿ ಎತ್ತಿದ ಆ ಮರಳಿನ ಚೀಲ ನೆನಪಾಯಿತು. ನಾಲ್ಕು ಚೀಲ.

2006ರ ಜುಲೈನಲ್ಲಿ ಇಂಗ್ಲೆಂಡಿನ ಚೆಸ್ಟರ್-ಲೆ-ಸ್ಟ್ರೀಟ್ ಊರಿನ ಪಾರ್ಕಿನಲ್ಲಿ 'ಡ್ರೀಮ್‌ಸ್ಪೇಸ್' ಅನ್ನುವ ಗಾಳಿ ತುಂಬಿದ ದೊಡ್ಡ ಕಲಾಕೃತಿ, ಒಳಗೆ ಜನ ಓಡಾಡುವಂಥದ್ದು, ಕಟ್ಟು ಕಿತ್ತುಕೊಂಡು ಮೇಲೆದ್ದಿತು. ಇಬ್ಬರು ಹೆಂಗಸರು ಸತ್ತರು. ಆ ಕಲಾವಿದ ಇಂಥ ಬಣ್ಣದ ಗಾಳಿಮನೆಗಳನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದವನು. 2016ರಲ್ಲಿ ಇಂಗ್ಲೆಂಡಿನದೇ ಹಾರ್ಲೋ ಊರಿನ ಮೇಳದಲ್ಲಿ ಜಿಗಿಯುವ ಕೋಟೆಯೊಂದು ಗೂಟ ಕಿತ್ತು ಸುಮಾರು 300 ಮೀಟರ್ ದೂರ ಉರುಳಿಹೋಯಿತು, ಒಳಗೆ ಏಳು ವರ್ಷದ ಹುಡುಗಿ ಇದ್ದಳು, ಉಳಿಯಲಿಲ್ಲ. ಅದನ್ನು ನಡೆಸುತ್ತಿದ್ದ ಇಬ್ಬರಿಗೆ 2018ರಲ್ಲಿ ಮೂರು ಮೂರು ವರ್ಷ ಜೈಲಾಯಿತು.

2021ರ ಡಿಸೆಂಬರ್ 16ರ ಕಥೆ ನಿಮಗೂ ನೆನಪಿರಬಹುದು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಡೆವನ್‌ಪೋರ್ಟ್, ಪ್ರಾಥಮಿಕ ಶಾಲೆಯಲ್ಲಿ ವರ್ಷದ ಕೊನೆಯ ಸಂಭ್ರಮ. ಬಯಲಿನಲ್ಲಿ ಒಂದು ಧೂಳಿನ ಸುಳಿ ಎದ್ದಿತು. ನಮ್ಮೂರ ಕಡೆ ಬೇಸಿಗೆಯ ಮಧ್ಯಾಹ್ನ ಒಣಗಿದ ಹೊಲದಲ್ಲಿ ತಿರುಗುತ್ತಾ ಹೋಗುತ್ತದಲ್ಲ, ದೆವ್ವದ ಗಾಳಿ ಅಂತ ಅಜ್ಜಿ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತಿದ್ದಳಲ್ಲ, ಅಂಥದ್ದು. ಆರು ಮಕ್ಕಳು ಸತ್ತರು. ಎಂಟು ಕಡೆ ಕಟ್ಟಬಹುದಾಗಿದ್ದ ಆ ಕೋಟೆಯನ್ನು ನಾಲ್ಕು ಗೂಟಕ್ಕೆ ಕಟ್ಟಿದ್ದರು. ನಡೆಸುತ್ತಿದ್ದವರ ಮೇಲೆ ಮೊಕದ್ದಮೆ ನಡೆದು, 2025ರ ಜೂನ್‌ನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಅಂದಿತು. ಅಂಥ ಸುಳಿಯನ್ನು ಮೊದಲೇ ಊಹಿಸಲು ಸಾಧ್ಯವಿರಲಿಲ್ಲ ಅನ್ನುವುದು ತೀರ್ಪು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ನಾನು ಆ ಸಾಲುಗಳನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದು ಎಲ್ಲೋ ಅಪರೂಪಕ್ಕೆ ಆಗುವುದಲ್ಲವೇ ಅಂತ ನಾನೂ ಅಂದುಕೊಂಡೆ. ಜಾರ್ಜಿಯಾ ವಿಶ್ವವಿದ್ಯಾಲಯದವರು 2000ದಿಂದ 2021ರವರೆಗೆ ಪ್ರಪಂಚದಲ್ಲೆಲ್ಲ ಗಾಳಿಯಿಂದಾದ ಇಂಥ ಅವಘಡಗಳನ್ನು ಹುಡುಕಿ ಪಟ್ಟಿ ಮಾಡಿದ್ದಾರೆ, 132 ಘಟನೆ, ಕನಿಷ್ಠ 479 ಜನರಿಗೆ ಗಾಯ, 28 ಸಾವು. ಬಾಡಿಗೆಗೆ ಹೋಗಿ ಸುರಕ್ಷಿತವಾಗಿ ವಾಪಸ್ ಬಂದ ಕೋಟೆಗಳು ಲಕ್ಷಗಟ್ಟಲೆ ಇರುತ್ತವೆ, ಒಪ್ಪುತ್ತೇನೆ. ಗಾಳಿಯಲ್ಲದೆ ಸುಮ್ಮನೆ ಬಿದ್ದು, ಡಿಕ್ಕಿ ಹೊಡೆದು ಕೈಕಾಲು ಮುರಿದುಕೊಳ್ಳುವುದೇ ಹೆಚ್ಚು. 1990ರಿಂದ 2010ರವರೆಗೆ ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೀಗೆ ಬಂದ ಮಕ್ಕಳು ಸುಮಾರು 64,600 ಅಂತ 2012ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. 2010ರ ಹೊತ್ತಿಗೆ ದಿನಕ್ಕೆ 31 ಮಕ್ಕಳು. ಕೈ ಮುರಿದರೆ ಕೂಡುತ್ತದೆ, ಇನ್ಶೂರೆನ್ಸ್ ಕೂಡ ಕೊಡುತ್ತದೆ. ಆ ಇನ್ನೊಂದಕ್ಕೆ ಏನೂ ಇಲ್ಲ.

ನನಗೆ ಆಶ್ಚರ್ಯ ಆಗಿದ್ದು ಇದು: ರೇಡಾರ್ ಗುಮ್ಮಟ ಕಟ್ಟಿದವರಿಗೆ ಗಾಳಿಯ ಬಲದ ಲೆಕ್ಕ 1948ರಲ್ಲೇ ಗೊತ್ತಿತ್ತು. ಹಿಮಪ್ರದೇಶದ ಬಿರುಗಾಳಿಯಲ್ಲಿ ನಿಲ್ಲಬೇಕಿದ್ದ ವಸ್ತು ಅದು, ಗೂಟವೇ ಅದರ ಅರ್ಧ ವಿನ್ಯಾಸ. ಅಲ್ಲಿಂದ ಟೆನಿಸ್ ಅಂಗಳಕ್ಕೆ, ಅಲ್ಲಿಂದ ಹುಟ್ಟುಹಬ್ಬಕ್ಕೆ ಬರುವಷ್ಟರಲ್ಲಿ ಬಟ್ಟೆ ಬಂತು, ಫ್ಯಾನು ಬಂತು, ಬಣ್ಣ ಬಂತು, ಲೆಕ್ಕ ಮಾತ್ರ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಆಟಿಕೆ ಅಂದ ತಕ್ಷಣ ಯಾರೂ ಅದನ್ನು ಕಟ್ಟಡ ಅಂತ ನೋಡಲಿಲ್ಲ. ಅಮೆರಿಕದಲ್ಲಿ ಎಎಸ್‌ಟಿಎಂ ಎಫ್ 2374 ಅನ್ನುವ ಮಾನದಂಡ ಇದೆ, ಆದರೆ ಅದನ್ನು ಕಡ್ಡಾಯ ಮಾಡುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಟೆಕ್ಸಸ್‌ನಲ್ಲಿ ಇದನ್ನು ನೋಡಿಕೊಳ್ಳುವುದು ವಿಮಾ ಇಲಾಖೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಯಾವುದು ಹೇಳಿ? ಕೃಷಿ ಇಲಾಖೆ! ಜಯಂಟ್ ವೀಲ್, ರೋಲರ್ ಕೋಸ್ಟರ್ ಜೊತೆ ಗಾಳಿ ಕೋಟೆಯೂ ಅವರ ಸುಪರ್ದಿನಲ್ಲೇ. ನೋಂದಣಿ, ತಪಾಸಣೆ, ವಿಮೆ ಎಲ್ಲ ಬೇಕು. "ಟೊಮೇಟೊ ಬೆಳೆಯೋಕೆ ಪರ್ಮಿಷನ್ ಬೇಡ, ಮಕ್ಕಳು ಕುಣಿಯೋಕೆ ಅಗ್ರಿಕಲ್ಚರ್ ಡಿಪಾರ್ಟ್‌ಮೆಂಟಾ?" ಅಂತ ಗೆಳೆಯ ಬಾಯಿ ಬಿಟ್ಟ.

ಇಷ್ಟನ್ನೆಲ್ಲ ಒಂದು ಉದ್ದದ ಮೇಲ್ ಮಾಡಿ ಅವನಿಗೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಬೇಜಾರು ಮಾಡಿಕೊಂಡನೇನೋ, ಒಂದು ವರ್ಷದ ಉಳಿತಾಯ ಹಾಕಿ ಏನೋ ಮಾಡಲು ಹೊರಟವನಿಗೆ ನಾನು ಅಪಶಕುನ ನುಡಿದೆನೇನೋ ಅಂತ ಅನ್ನಿಸಿತು. ಮೂರನೇ ದಿನ ಅವನ ಹೆಂಡತಿಯೇ ಫೋನ್ ಮಾಡಿದಳು. ಬುಕಿಂಗ್, ಹಣ ಎಲ್ಲ ಅವಳೇ ನೋಡಿಕೊಳ್ಳುವುದು ಅಂತ ಆಗ ಗೊತ್ತಾಯಿತು. ಸಮುದ್ರದಾಚೆಯ ಆ ಅಗ್ಗದ ಕೋಟೆಯ ಫೋಟೋವನ್ನು ದೊಡ್ಡದು ಮಾಡಿ ಎಣಿಸಿದ್ದಾಳೆ. ಬುಡದ ಸುತ್ತ ಕಟ್ಟುವ ಬಳೆಗಳು ಹದಿನಾಲ್ಕು ಇವೆ. ಕೊಟೇಶನ್‌ನಲ್ಲಿ ಜೊತೆಗೆ ಕೊಡುವ ಗೂಟ ಆರು.

"ಉಳಿದ ಎಂಟು ಯಾಕಿಲ್ಲ ಅಂತ ಮೇಲ್ ಮಾಡಿದ್ದೀನಿ" ಅಂದಳು. "ಎಷ್ಟು ಗಾಳಿಗೆ ಲೆಕ್ಕ ಹಾಕಿದ್ದೀರಿ, ಆ ಕಾಗದ ಕಳಿಸಿ ಅಂತಾನೂ ಕೇಳಿದ್ದೀನಿ. ಉತ್ತರ ಬಂದರೆ ನೋಡೋಣ."

ಅಮೆರಿಕದವರು ಮಾತ್ರ ಅದೇ ದಿನ 18 ಪುಟದ ಕೈಪಿಡಿ ಕಳಿಸಿದರಂತೆ. ಹದಿನಾರು ಕಟ್ಟು, ಹದಿನಾರು ಗೂಟ, ಗಾಳಿಯ ಮಿತಿ, ಪ್ರತಿ ಸುರಂಗಕ್ಕೆ ಎಷ್ಟು ಮಕ್ಕಳು ಎಲ್ಲ ಇದೆ. ಗಾಳಿಯ ವೇಗ ಅಳೆಯುವ ಒಂದು ಚಿಕ್ಕ ಯಂತ್ರ 30 ಡಾಲರಿಗೆ ಸಿಗುತ್ತದೆ, ಅದನ್ನು ಆಗಲೇ ತರಿಸಿ ಬಾಲ್ಕನಿಯಲ್ಲಿ ಇಟ್ಟು ನೋಡುತ್ತಿದ್ದಾರೆ. ಹಿಂದಿನಿಂದ ಗೆಳೆಯನ ಧ್ವನಿ ಕೇಳಿಸಿತು, "ಲೋ, ಮಡಚಿದ್ರೆ 250 ಕೆ.ಜಿ. ಅಂತೆ, ನಮ್ಮ ಸಿವಿಕ್ ಡಿಕ್ಕೀಲಿ ಹಿಡಿಯಲ್ಲ. ಮೊದ್ಲು ಟ್ರೈಲರ್ ನೋಡ್ಬೇಕು. ಶನಿವಾರ ಫ್ರೀ ಇದ್ದೀಯಾ?"